ಬೆರಳ ತುದಿಯ ಅರ್ಧ ಮೈಕ್ರೋಲೀಟರ್

ಎಂ.ಎಸ್ಸಿ. ರಸಾಯನಶಾಸ್ತ್ರದ ವಿದ್ಯಾರ್ಥಿಗಳಿಗಾಗಿ ಕಳೆದ ತಿಂಗಳು ಬಯೋಸೆನ್ಸರ್ (ಕಿಣ್ವದಂಥ ಜೈವಿಕ ವಸ್ತುವಿನ ನೆರವಿನಿಂದ ಅಳೆಯುವ ಸಾಧನ) ಸಂಶೋಧನೆ ಕುರಿತ ಆನ್‌ಲೈನ್ ವಿಚಾರಗೋಷ್ಠಿಯೊಂದರಲ್ಲಿ ಮಾತನಾಡಿದೆ. ಗ್ರಾಫೀನ್, ಚಿನ್ನದ ನ್ಯಾನೋಕಣ ಇತ್ಯಾದಿಗಳ ಬಗ್ಗೆ ಹತ್ತಾರು ಪ್ರಶ್ನೆಗಳು ಬಂದವು. ಕೊನೆಗೆ ಒಬ್ಬ ಹುಡುಗಿ ಕೇಳಿದಳು: "ಮೇಡಂ, ಊಟವಾದ ಮೇಲೆ ನಮ್ಮ ಅಜ್ಜಿಗೆ ಮನೆಯ ಸಕ್ಕರೆ ಮೀಟರ್ 204 ತೋರಿಸಿತು. ಅದೇ ಹೊತ್ತಿಗೆ ಲ್ಯಾಬಿನಲ್ಲಿ ಕೊಟ್ಟ ರಕ್ತದಲ್ಲಿ 180 ಬಂತು. ಯಾವುದನ್ನು ನಂಬಬೇಕು?"

ಆ ದಿನದ ಪ್ರಶ್ನೆಗಳಲ್ಲೆಲ್ಲ ನನಗೆ ಬಹಳ ಹಿಡಿಸಿದ್ದು ಇದು. ಉತ್ತರಿಸುವ ಮೊದಲು ಆ ಮೀಟರಿಗೆ ಹಾಕುವ ಒಂದು ಸ್ಟ್ರಿಪ್ಪನ್ನು ಬ್ಲೇಡಿನಿಂದ ಸೀಳಿ ಕ್ಯಾಮೆರಾದ ಹತ್ತಿರ ಹಿಡಿದೆ. ಪ್ಲಾಸ್ಟಿಕ್ ಪಟ್ಟಿಯ ಮೇಲೆ ಇಂಗಾಲದ ಶಾಯಿಯಲ್ಲಿ ಮುದ್ರಿಸಿದ ಸಣ್ಣ ಗೆರೆಗಳು; ಅವೇ ವಿದ್ಯುದ್ವಾರಗಳು. ತುದಿಯಲ್ಲಿ ಕೂದಲಿನಷ್ಟು ಕಿರಿದಾದ ಒಂದು ಓಣಿ. ಹನಿ ತಾಗಿದೊಡನೆ ರಕ್ತ ತಾನಾಗಿ ಒಳಗೆ ಏರುತ್ತದೆ. ಅಲ್ಲಿ ಒಣಗಿ ಕುಳಿತಿರುವ ಕಿಣ್ವ ಒದ್ದೆಯಾಗಿ ಎಚ್ಚರಗೊಂಡು ಗ್ಲೂಕೋಸ್‌ನಿಂದ ಎಲೆಕ್ಟ್ರಾನುಗಳನ್ನು ಕಿತ್ತುಕೊಳ್ಳುತ್ತದೆ. ಮೀಟರ್ ಅಳೆಯುವುದು ಆ ಎಲೆಕ್ಟ್ರಾನುಗಳ ಪ್ರವಾಹವನ್ನು. ಪರದೆಯ ಮೇಲೆ ಕಾಣುವ ಅಂಕಿ ಅದರಿಂದ ಲೆಕ್ಕ ಹಾಕಿದ್ದು. ಬಹುಕಾಲದಿಂದ ಬಳಕೆಯಲ್ಲಿರುವ ಕಿಣ್ವ ಗ್ಲೂಕೋಸ್ ಆಕ್ಸಿಡೇಸ್. ಈರುಳ್ಳಿಯ ಸಿಪ್ಪೆಯ ಮೇಲೆ ಕಾಣುವ ಕಪ್ಪು ಬೂಸ್ಟು ಆಸ್ಪರ್ಜಿಲಸ್ ನೈಜರ್‌ನಿಂದಲೇ ಅದನ್ನು ಪಡೆಯುತ್ತಾರೆ.

ಕಿಣ್ವವನ್ನು ವಿದ್ಯುದ್ವಾರದ ಜೊತೆ ಕೂಡಿಸುವ ಯೋಚನೆಯನ್ನು 1962ರಲ್ಲಿ ಮುಂದಿಟ್ಟವರು ಅಮೆರಿಕದ ಲೆಲ್ಯಾಂಡ್ ಕ್ಲಾರ್ಕ್ ಮತ್ತು ಲಯನ್ಸ್. ಮುಂದೆ ಬಂದ ಒಂದು ವಿಧಾನದಲ್ಲಿ, ಕಿಣ್ವದ ಕೆಲಸದಿಂದ ಹುಟ್ಟುವ ಹೈಡ್ರೋಜನ್ ಪೆರಾಕ್ಸೈಡನ್ನು ಸುಮಾರು 0.6 ವೋಲ್ಟ್‌ನಲ್ಲಿ ಅಳೆಯುತ್ತಿದ್ದರು. ತೊಡಕು ಅಲ್ಲೇ ಇತ್ತು. ಆ ವೋಲ್ಟೇಜಿನಲ್ಲಿ ವಿಟಮಿನ್ ಸಿ, ಯೂರಿಕ್ ಆಮ್ಲ, ಜ್ವರಕ್ಕೆ ನುಂಗಿದ ಪ್ಯಾರಾಸಿಟಮಾಲ್ ಕೂಡ ಎಲೆಕ್ಟ್ರಾನು ಕೊಡುತ್ತವೆ. ಯಾರು ಕೊಟ್ಟರೆಂದು ವಿದ್ಯುದ್ವಾರಕ್ಕೆ ತಿಳಿಯದು. 1984ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್ ಮತ್ತು ಕ್ರಾನ್‌ಫೀಲ್ಡ್‌ನ ಸಂಶೋಧಕರು ಫೆರೋಸೀನ್ ಎಂಬ ಕಬ್ಬಿಣದ ಸಂಯುಕ್ತವನ್ನು ಕಿಣ್ವ ಮತ್ತು ವಿದ್ಯುದ್ವಾರದ ನಡುವೆ ಎಲೆಕ್ಟ್ರಾನು ಸಾಗಿಸಲು ಹಚ್ಚಿ, ಕಡಿಮೆ ವೋಲ್ಟೇಜಿನಲ್ಲೇ ಅಳತೆ ಸಾಧ್ಯವೆಂದು ತೋರಿಸಿದರು. 1987ರಲ್ಲಿ ಪೆನ್ನಿನಾಕಾರದ ಮೀಟರ್ ಮಾರುಕಟ್ಟೆಗೆ ಬಂತು.

ಇನ್ನು ಅಜ್ಜಿಯ ವಿಷಯ. ಇಂಥ ಮೀಟರುಗಳಿಗಿರುವ ಅಂತಾರಾಷ್ಟ್ರೀಯ ಮಾನದಂಡ ಐಎಸ್‌ಒ 15197ರ 2013ರ ಆವೃತ್ತಿಯ ಪ್ರಕಾರ, ಡೆಸಿಲೀಟರಿಗೆ (100 ಮಿ.ಲೀ.ಗೆ) 100 ಮಿ.ಗ್ರಾಂ ಮತ್ತು ಅದಕ್ಕಿಂತ ಮೇಲಿನ ಅಳತೆಗಳಲ್ಲಿ 95% ಫಲಿತಾಂಶಗಳು ಪ್ರಯೋಗಾಲಯದ ಅಳತೆಯಿಂದ 15%ರೊಳಗೆ ಇದ್ದರೆ ಸಾಕು. 180ಕ್ಕೆ ಆ ಮಿತಿ 153ರಿಂದ 207. ಅಂದರೆ 204 ಬಂದದ್ದು ಮೀಟರಿನ ದೋಷವೆನ್ನಲಾಗದು. ಜೊತೆಗೆ ಊಟದ ನಂತರ ಬೆರಳ ತುದಿಯ ರಕ್ತದಲ್ಲಿ ತೋಳಿನ ರಕ್ತನಾಳಕ್ಕಿಂತ ಗ್ಲೂಕೋಸ್ ಹೆಚ್ಚೇ ಇರುತ್ತದೆ. ಲ್ಯಾಬಿನ ಟ್ಯೂಬಿನಲ್ಲಿ ಫ್ಲೋರೈಡ್ ಇಲ್ಲದಿದ್ದರೆ ರಕ್ತಕಣಗಳು ಗಂಟೆಗೆ 5ರಿಂದ 7%ರಷ್ಟು ಗ್ಲೂಕೋಸನ್ನು ತಾವೇ ತಿಂದು ಮುಗಿಸುತ್ತಿರುತ್ತವೆ.

ಇಷ್ಟು ಹೇಳಿ, ಅಜ್ಜಿ ಕೈ ತೊಳೆದಿದ್ದರೇ ಎಂದು ಕೇಳಿದೆ. ಲೆಕ್ಕ ನೋಡಿ. ಸ್ಟ್ರಿಪ್ ಅರ್ಧ ಮೈಕ್ರೋಲೀಟರ್ ರಕ್ತ ಹೀರುತ್ತದೆ ಎಂದಿಟ್ಟುಕೊಳ್ಳೋಣ. ಸಕ್ಕರೆ 100 ಇದ್ದರೆ ಅಷ್ಟು ರಕ್ತದಲ್ಲಿರುವ ಗ್ಲೂಕೋಸ್ ಬರೀ ಅರ್ಧ ಮೈಕ್ರೋಗ್ರಾಂ. ದ್ರಾಕ್ಷಿ ರಸದಲ್ಲಿ ಸುಮಾರು 7% ಗ್ಲೂಕೋಸ್ ಇರುತ್ತದೆ. ವಿಜಯಪುರದ ದ್ರಾಕ್ಷಿ ಬಿಡಿಸಿ ತಿಂದು ಬೆರಳಿನಲ್ಲಿ ಉಳಿದ ರಸದ ನೂರನೇ ಒಂದು ಮೈಕ್ರೋಲೀಟರ್, ಅಂದರೆ ಕಣ್ಣಿಗೆ ಕಾಣದಷ್ಟು, ಆ ಹನಿಗೆ ಸೇರಿದರೂ 0.7 ಮೈಕ್ರೋಗ್ರಾಂ ಕೂಡಿಕೊಂಡು 100 ಇದ್ದದ್ದು 200 ದಾಟುತ್ತದೆ. ಸ್ಪಿರಿಟ್ಟಿನ ಹತ್ತಿಯಲ್ಲಿ ಒರೆಸಿದರೆ ಸಾಲದು, ನೀರಿನಲ್ಲಿ ತೊಳೆದು ಒಣಗಿಸಬೇಕು.

ಸಂಶೋಧನೆಗೆ ಕಾಲಿಡುವ ವಿದ್ಯಾರ್ಥಿಗಳ ಮುಂದೆ ನಾನು ಇದನ್ನು ಒತ್ತಿ ಹೇಳಲು ಕಾರಣವಿದೆ. ನನ್ನ ಬಳಿ ಪರಿಶೀಲನೆಗೆ ಬರುವ ಎಷ್ಟೋ ಪ್ರಬಂಧಗಳಲ್ಲಿ ಎದ್ದು ಕಾಣುವ ಸಾಧನೆ ಪತ್ತೆ ಮಿತಿ, ಅಂದರೆ ಸಾಧನ ಗುರುತಿಸಬಲ್ಲ ಅತಿ ಕಡಿಮೆ ಪ್ರಮಾಣ: ನ್ಯಾನೋಮೋಲಾರ್ ಗ್ಲೂಕೋಸನ್ನೂ ಹಿಡಿದೆವು ಎಂಬ ಸಾಲು. ರಕ್ತದಲ್ಲಿ ಉಪವಾಸದ ಗ್ಲೂಕೋಸ್ ಇರುವುದೇ 4ರಿಂದ 5.5 ಮಿಲಿಮೋಲಾರ್‌ನ ಆಸುಪಾಸಿನಲ್ಲಿ. ಒಂದು ನ್ಯಾನೋಮೋಲಾರ್ ಎಂದರೆ ಅದರ ಸುಮಾರು ನಲವತ್ತರಿಂದ ಐವತ್ತೈದು ಲಕ್ಷದಲ್ಲಿ ಒಂದು ಪಾಲು. ರಕ್ತ ಪರೀಕ್ಷೆಗೆ ಅದರಿಂದ ಉಪಯೋಗವಿಲ್ಲ. ಬೆವರಿನಲ್ಲೋ ಕಣ್ಣೀರಿನಲ್ಲೋ ಅಳೆಯುವವರಿಗೆ ಕಡಿಮೆ ಮಿತಿ ಬೇಕು, ಒಪ್ಪುತ್ತೇನೆ. ಆದರೆ ರಕ್ತಕಣಗಳಿಲ್ಲದ ತಿಳಿ ಬಫರ್ ದ್ರಾವಣದಲ್ಲಿ ತೆಗೆದ, ಗ್ಲೂಕೋಸ್ ಏರಿದಂತೆ ಪ್ರವಾಹ ಏರುವುದನ್ನು ತೋರಿಸುವ ನೇರ ಗೆರೆ ರಕ್ತದಲ್ಲಿ ಹಾಗೇ ಉಳಿಯುತ್ತದೆಯೇ ಎಂಬುದನ್ನು ಮೊದಲು ತೋರಿಸಬೇಕು.

ಕಿಣ್ವದ ಆಯ್ಕೆಯಲ್ಲಿ ಎಡವಿದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆಯಿದೆ. ಒಂದು ಬಗೆಯ ಗ್ಲೂಕೋಸ್ ಡಿಹೈಡ್ರೋಜಿನೇಸ್ ಕಿಣ್ವಕ್ಕೆ ಮಾಲ್ಟೋಸ್ ಸಿಕ್ಕರೂ ಗ್ಲೂಕೋಸ್‌ನಂತೆಯೇ ವರ್ತಿಸುವ ಗುಣವಿತ್ತು. ಹೊಟ್ಟೆಯ ಮೂಲಕ ಡಯಾಲಿಸಿಸ್ ಮಾಡಿಸಿಕೊಳ್ಳುವ ಕೆಲವರ ದ್ರಾವಣದಲ್ಲಿರುವ ಐಕೊಡೆಕ್ಸ್‌ಟ್ರಿನ್ ದೇಹದಲ್ಲಿ ಮಾಲ್ಟೋಸ್ ಆಗಿ ಒಡೆಯುತ್ತದೆ. ಮೀಟರ್ ಸುಳ್ಳಾಗಿ ಹೆಚ್ಚು ತೋರಿಸಿ, ಬೇಡದ ಇನ್ಸುಲಿನ್ ಕೊಟ್ಟು, ಸಕ್ಕರೆ ಕುಸಿದು ರೋಗಿಗಳು ತೀರಿಕೊಂಡರು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2009ರಲ್ಲಿ ಈ ಕುರಿತು ಎಚ್ಚರಿಕೆ ಹೊರಡಿಸಿತು.

ನಮ್ಮಲ್ಲಿ ಇದಕ್ಕಿಂತ ಸಾಮಾನ್ಯವಾದ ಸಮಸ್ಯೆ ರಕ್ತಹೀನತೆ. ಕೆಂಪು ರಕ್ತಕಣ ಕಡಿಮೆಯಿದ್ದಾಗ ಓಣಿಯಲ್ಲಿ ಅಡೆತಡೆ ಕಡಿಮೆ, ಗ್ಲೂಕೋಸ್ ಇರುವ ಪ್ಲಾಸ್ಮಾ ಹೆಚ್ಚು. ಹಲವು ಸ್ಟ್ರಿಪ್‌ಗಳು ಇದ್ದುದಕ್ಕಿಂತ ಹೆಚ್ಚಿನ ಅಂಕಿ ಕೊಡುತ್ತವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49ರ ವಯಸ್ಸಿನ ಮಹಿಳೆಯರಲ್ಲಿ 57% ಮಂದಿಗೆ ರಕ್ತಹೀನತೆಯಿದೆ. ರಕ್ತಕಣಗಳ ಪ್ರಮಾಣವನ್ನೂ ಅಳೆದು ತಿದ್ದಿಕೊಳ್ಳುವ ಸ್ಟ್ರಿಪ್‌ಗಳು ಈಗ ಇವೆ. ಅವು ಇನ್ನೂ ಅಗ್ಗವಾಗಿ, ಇನ್ನೂ ನಿಖರವಾಗಿ ಬರಬೇಕು. ನಮ್ಮ ಹುಡುಗ ಹುಡುಗಿಯರು ಕೈ ಹಾಕಬೇಕಾದ ಕೆಲಸ ಇದು.

ಮರುದಿನ ಆ ಹುಡುಗಿಯ ಇಮೇಲ್ ಬಂತು. ಅಜ್ಜಿಯ ಹಿಮೋಗ್ಲೋಬಿನ್ 8.9 (ಅಂದರೆ ರಕ್ತಹೀನತೆಯೇ) ಎಂದು ಹಳೆಯ ವರದಿಯೊಂದರಲ್ಲಿ ಸಿಕ್ಕಿತಂತೆ. ಅವಳ ಪ್ರಾಜೆಕ್ಟಿಗೆ ಒಂದು ಪ್ರಯೋಗ ಸೂಚಿಸಿದ್ದೇನೆ: ಗ್ಲೂಕೋಸ್ ಒಂದೇ, ರಕ್ತಕಣಗಳ ಪ್ರಮಾಣ ಮಾತ್ರ 25, 35, 45% ಇರುವ ಮೂರು ಮಾದರಿ, ಅವುಗಳ ಮೇಲೆ ಅವಳೇ ತಯಾರಿಸಿದ ವಿದ್ಯುದ್ವಾರದ ಪರೀಕ್ಷೆ. ರಕ್ತನಿಧಿಯಿಂದ ಮಾದರಿ ಪಡೆಯಲು ನೈತಿಕ ಸಮಿತಿಯ ಒಪ್ಪಿಗೆ ಬೇಕು. ಆ ಅರ್ಜಿಯನ್ನು ಈ ವಾರ ಇಬ್ಬರೂ ಸೇರಿ ಬರೆಯುತ್ತಿದ್ದೇವೆ.