ಎರಡನೇ ಕುರ್ಚಿಗೆ ಇರುವ ಬಲ ಎಷ್ಟು?

1989ರ ಡಿಸೆಂಬರ್ 2. ದೆಹಲಿಯ ರಾಷ್ಟ್ರಪತಿ ಭವನ. ವಿ.ಪಿ. ಸಿಂಗ್ ಪ್ರಧಾನಿಯಾಗಿ ಪ್ರಮಾಣವಚನ ಸ್ವೀಕರಿಸಿದ ಮೇಲೆ ಹರಿಯಾಣದ ದೇವಿಲಾಲ್ ಅವರ ಸರದಿ ಬಂತು. ರಾಷ್ಟ್ರಪತಿ ಆರ್. ವೆಂಕಟರಾಮನ್ ಪ್ರಮಾಣದ ಮಾತುಗಳನ್ನು ಓದುತ್ತಾ ‘ಮಂತ್ರಿ’ ಅಂದರು. ದೇವಿಲಾಲ್ ‘ಉಪಪ್ರಧಾನಮಂತ್ರಿ’ ಅಂದರು. ರಾಷ್ಟ್ರಪತಿ ತಿದ್ದಿದರು. ದೇವಿಲಾಲ್ ಮತ್ತೆ ‘ಉಪಪ್ರಧಾನಮಂತ್ರಿ’ ಎಂದೇ ಹೇಳಿದರು.

ವೆಂಕಟರಾಮನ್ ಸುಮ್ನೆ ತಿದ್ದಿದ್ದಲ್ಲ. ಮಂತ್ರಿಗಳ ಪ್ರಮಾಣದ ಮಾತುಗಳು ಸಂವಿಧಾನದ ಮೂರನೇ ಅನುಸೂಚಿಯಲ್ಲಿವೆ. ಅಲ್ಲಿ ‘ಮಂತ್ರಿ’ ಎಂಬ ಪದ ಮಾತ್ರ ಇದೆ. 74 ಮತ್ತು 75ನೇ ವಿಧಿಗಳನ್ನು ಎಷ್ಟು ಸಲ ಓದಿದರೂ ಸಿಗುವುದು ಪ್ರಧಾನಮಂತ್ರಿ ಮತ್ತು ಇತರ ಮಂತ್ರಿಗಳು, ಅಷ್ಟೇ. ರಾಜ್ಯಗಳಿಗೆ ಸಂಬಂಧಿಸಿದ 163 ಮತ್ತು 164ನೇ ವಿಧಿಗಳಲ್ಲೂ ಉಪಮುಖ್ಯಮಂತ್ರಿಯ ಸುಳಿವಿಲ್ಲ.

ಆ ಒಂದು ಪದ ಸುಪ್ರೀಂ ಕೋರ್ಟ್‌ ತನಕ ಹೋಯಿತು. ದೇವಿಲಾಲ್ ತೆಗೆದುಕೊಂಡ ಪ್ರಮಾಣವೇ ಸರಿಯಿಲ್ಲ, ಅವರು ಮಂತ್ರಿಯೇ ಅಲ್ಲ ಎಂದು ಒಬ್ಬರು ಅರ್ಜಿ ಹಾಕಿದರು. 1990ರಲ್ಲಿ ಕೋರ್ಟು ಪ್ರಮಾಣದ ಮಾತನ್ನು ಎರಡು ಭಾಗ ಮಾಡಿ ನೋಡಿತು. ಹುದ್ದೆಯ ಹೆಸರು ಹೇಳುವ ಭಾಗ ಬರೀ ಗುರುತಿಗೆ. ಸಂವಿಧಾನಕ್ಕೆ ನಿಷ್ಠೆಯಿಂದ ಇರುತ್ತೇನೆ ಎನ್ನುವ ಭಾಗವೇ ಅದರ ಜೀವ. ದೇವಿಲಾಲ್ ಆ ಭಾಗವನ್ನು ಸರಿಯಾಗಿ ಹೇಳಿದ್ದರು. ಹೀಗಾಗಿ ಪ್ರಮಾಣ ಉಳಿಯಿತು. ಜೊತೆಗೆ, ಅವರು ಉಳಿದವರಂತೆ ಒಬ್ಬ ಮಂತ್ರಿ, ಪ್ರಧಾನಿಯ ಯಾವ ಅಧಿಕಾರವೂ ಅವರಿಗಿಲ್ಲ ಎಂದು ಅಟಾರ್ನಿ ಜನರಲ್ ಕೋರ್ಟಿನಲ್ಲಿ ಒಪ್ಪಿಕೊಂಡಿದ್ದರು. ದೇವಿಲಾಲ್ ಕುರ್ಚಿ ಉಳಿಸಿಕೊಂಡರು, ಆದರೆ ಆ ಕುರ್ಚಿಗೆ ಕಾನೂನಿನ ಬಲ ಇಲ್ಲ ಎಂಬುದೂ ಅದೇ ತೀರ್ಪಿನಲ್ಲಿ ದಾಖಲಾಯಿತು. 2024ರ ಫೆಬ್ರವರಿಯಲ್ಲಿ ಡಿಸಿಎಂಗಳ ನೇಮಕವನ್ನು ಪ್ರಶ್ನಿಸಿದ ಅರ್ಜಿ ಬಂದಾಗಲೂ ಸುಪ್ರೀಂ ಕೋರ್ಟ್ ಹೆಚ್ಚುಕಡಿಮೆ ಇದನ್ನೇ ಹೇಳಿತು: ಡಿಸಿಎಂ ಅಂದರೆ ಮೊದಲಿಗೆ ಒಬ್ಬ ಮಂತ್ರಿ, ಉಳಿದದ್ದು ಹೆಸರು.

ಹಾಗಾದರೆ ಡಿಸಿಎಂಗೆ ಕೆಲಸ ಏನಿರುತ್ತದೆ? ಒಂದು ಫೈಲಿನ ಹಿಂದೆ ನಡೆದುಕೊಂಡು ಹೋಗೋಣ. ಒಂದು ತಾಲ್ಲೂಕಿಗೆ ಹೊಸ ಆಸ್ಪತ್ರೆ ಬೇಕು ಅಂದುಕೊಳ್ಳಿ. ಆರೋಗ್ಯ ಇಲಾಖೆಯಲ್ಲಿ ಟಿಪ್ಪಣಿ ತಯಾರಾಗುತ್ತದೆ. ಆರೋಗ್ಯ ಮಂತ್ರಿ ಸಹಿ ಹಾಕುತ್ತಾರೆ. ದುಡ್ಡಿನ ವಿಷಯ ಇರುವುದರಿಂದ ಫೈಲು ಹಣಕಾಸು ಇಲಾಖೆಗೆ ಹೋಗುತ್ತದೆ. ಮೊತ್ತ ದೊಡ್ಡದಾದರೆ ಸಂಪುಟದ ಮುಂದೆ ಬರುತ್ತದೆ. ಮುಖ್ಯಮಂತ್ರಿ ಬೇಕೆಂದರೆ ನಡುವೆಯೇ ಅದನ್ನು ತರಿಸಿಕೊಳ್ಳಬಹುದು. ಈ ದಾರಿಯಲ್ಲಿ ಎಲ್ಲೂ ಡಿಸಿಎಂ ಅವರ ಮೇಜು ಇಲ್ಲ. ಮುಖ್ಯಮಂತ್ರಿ ಬೇರೆ ಏರ್ಪಾಡು ಮಾಡಿದ್ದರೆ ಮಾತ್ರ ಫೈಲು ಅಲ್ಲಿ ನಿಲ್ಲುತ್ತದೆ. ಇಲ್ಲವೇ ಆರೋಗ್ಯ ಅಥವಾ ಹಣಕಾಸು ಖಾತೆ ಅವರದ್ದೇ ಆಗಿರಬೇಕು.

ಅದಕ್ಕೇ ಡಿಸಿಎಂ ಹೆಸರು ಘೋಷಣೆಯಾದ ದಿನ ನಾನು ನೋಡುವುದು ಒಂದೇ: ಯಾವ ಖಾತೆ? 2006ರಲ್ಲಿ ಕುಮಾರಸ್ವಾಮಿ ಸರ್ಕಾರದಲ್ಲಿ ಯಡಿಯೂರಪ್ಪ ಡಿಸಿಎಂ ಆದಾಗ ಹಣಕಾಸು ಅವರ ಕೈಯಲ್ಲಿತ್ತು. ಅದಕ್ಕೂ ಮೊದಲು ಜೆ.ಎಚ್. ಪಟೇಲ್, ಧರಂ ಸಿಂಗ್ ಅವರ ಸಂಪುಟಗಳಲ್ಲಿ ಸಿದ್ದರಾಮಯ್ಯ ಡಿಸಿಎಂ ಆಗಿದ್ದಾಗಲೂ ಹಾಗೆಯೇ. ಬಜೆಟ್ ಓದುವವರು ಡಿಸಿಎಂ ಆದರೆ ಎಲ್ಲ ಇಲಾಖೆಯ ಮಂತ್ರಿಗಳೂ ಅವರ ಕೊಠಡಿಗೆ ಬರಲೇಬೇಕು. ಆ ಬಲ ಹಣಕಾಸು ಖಾತೆಯದ್ದು.

ಇದನ್ನು ಮೊರಾರ್ಜಿ ದೇಸಾಯಿಯವರಷ್ಟು ಚೆನ್ನಾಗಿ ಅರಿತವರು ಇರಲಿಕ್ಕಿಲ್ಲ. 1967ರಿಂದ ಅವರು ಇಂದಿರಾ ಗಾಂಧಿ ಸಂಪುಟದಲ್ಲಿ ಉಪಪ್ರಧಾನಿ ಮತ್ತು ಹಣಕಾಸು ಮಂತ್ರಿ. 1969ರ ಜುಲೈನಲ್ಲಿ ಇಂದಿರಾ ಅವರು ಮೊರಾರ್ಜಿಯವರಿಂದ ಹಣಕಾಸು ಖಾತೆ ಹಿಂತೆಗೆದುಕೊಂಡರು. ಉಪಪ್ರಧಾನಿಯಾಗಿ ಮುಂದುವರಿಯಲು ಅಡ್ಡಿ ಇರಲಿಲ್ಲ. ಮೊರಾರ್ಜಿ ಒಪ್ಪದೆ ರಾಜೀನಾಮೆ ಕೊಟ್ಟರು. ಕೆಲವೇ ದಿನಗಳಲ್ಲಿ, ಜುಲೈ 19ರಂದು, 14 ಬ್ಯಾಂಕುಗಳು ರಾಷ್ಟ್ರೀಕರಣವಾದವು. ಮೊದಲ ಉಪಪ್ರಧಾನಿ ಸರ್ದಾರ್ ಪಟೇಲರ ವಿಷಯವೂ ಬೇರೆಯಲ್ಲ. 560ಕ್ಕೂ ಹೆಚ್ಚು ಸಂಸ್ಥಾನಗಳನ್ನು ದೇಶಕ್ಕೆ ಸೇರಿಸುವ ಕೆಲಸ ಅವರು ಮಾಡಿದ್ದು ಸಂಸ್ಥಾನಗಳ ಖಾತೆಯ ಮಂತ್ರಿಯಾಗಿ.

ಹೆಸರಿಗೇ ಅಂತ ಸಿಗುವುದು ಒಂದಿಷ್ಟು ಮರ್ಯಾದೆ. ಕೇಂದ್ರದ ಶಿಷ್ಟಾಚಾರದ ಪಟ್ಟಿಯಲ್ಲಿ ಉಪಪ್ರಧಾನಿಗೆ ‘5ಎ’ ಎಂಬ ಸ್ಥಾನ ಇದೆ, ಸಂಪುಟದ ಉಳಿದ ಮಂತ್ರಿಗಳಿಗಿಂತ ಮೇಲೆ.

ಬಲವಿಲ್ಲದ ಹೆಸರಿಗೆ ಇಷ್ಟೊಂದು ಜಗ್ಗಾಟ ಯಾಕೆ? ಸಂಸದೀಯ ಪದ್ಧತಿಯಲ್ಲಿ ಸರ್ಕಾರ ನಿಲ್ಲುವುದು ಸದನದ ಬಹುಮತದ ಮೇಲೆ. ಆ ಬಹುಮತವನ್ನು ಇಬ್ಬರು ಸೇರಿ ತಂದಿದ್ದರೆ, ಎರಡನೆಯವರ ಪಾಲು ಊರಿಗೆಲ್ಲ ಕಾಣಬೇಕು. ಆ ಪಾಲಿನ ರಸೀದಿಯೇ ಈ ಹುದ್ದೆ. ಬ್ರಿಟನ್ನಿನಲ್ಲಿ 1942ರಲ್ಲಿ ಚರ್ಚಿಲ್ ಅವರ ಯುದ್ಧಕಾಲದ ಸರ್ಕಾರದಲ್ಲಿ ಲೇಬರ್ ಪಕ್ಷದ ಅಟ್ಲಿ ಉಪಪ್ರಧಾನಿಯಾದದ್ದು ಹೀಗೆ. 2010ರಲ್ಲಿ ಲಿಬರಲ್ ಡೆಮಾಕ್ರಾಟ್ ಪಕ್ಷದ ನಿಕ್ ಕ್ಲೆಗ್ ಆದದ್ದೂ ಹೀಗೆ.

ಆದರೆ ರಸೀದಿ ತೋರಿಸಿ ಕೋರ್ಟಿನಲ್ಲಿ ವಸೂಲಿ ಮಾಡಲು ಆಗುವುದಿಲ್ಲ. 2006ರ ಒಪ್ಪಂದದಲ್ಲಿ ಕುಮಾರಸ್ವಾಮಿಗೆ 20 ತಿಂಗಳು, ಆಮೇಲೆ ಯಡಿಯೂರಪ್ಪನವರಿಗೆ 20 ತಿಂಗಳು ಎಂದು ಮಾತಾಗಿತ್ತು. 2007ರ ಅಕ್ಟೋಬರಿನಲ್ಲಿ ಹಸ್ತಾಂತರ ನಡೆಯಲಿಲ್ಲ. ಮುರಿದದ್ದನ್ನು ತೇಪೆ ಹಾಕಿ ನವೆಂಬರ್ 12ರಂದು ಯಡಿಯೂರಪ್ಪ ಮುಖ್ಯಮಂತ್ರಿಯಾದರು. 19ಕ್ಕೆ ರಾಜೀನಾಮೆ ಕೊಟ್ಟರು. ‘ಡಿಸಿಎಂ ಅಂದರೆ ಮುಂದಿನ ಸಿಎಂ’ ಎಂದು ನಾವು ಅಂದುಕೊಳ್ಳಲು ಕಾರಣಗಳಿವೆ. ಎಸ್.ಎಂ. ಕೃಷ್ಣ, ಪಟೇಲ್, ಸಿದ್ದರಾಮಯ್ಯ, ಯಡಿಯೂರಪ್ಪ, ನಾಲ್ವರೂ ಮೊದಲು ಡಿಸಿಎಂ ಆಗಿದ್ದವರೇ. ಆದರೆ ನೇರವಾಗಿ ಆ ಕುರ್ಚಿಯಿಂದ ಈ ಕುರ್ಚಿಗೆ ಬಂದದ್ದು ಪಟೇಲ್ ಒಬ್ಬರೇ, 1996ರಲ್ಲಿ ದೇವೇಗೌಡರು ಪ್ರಧಾನಿಯಾಗಲು ದೆಹಲಿಗೆ ಹೋದಾಗ. ಸಿದ್ದರಾಮಯ್ಯ 2005ರಲ್ಲಿ ಸಂಪುಟದಿಂದಲೇ ಹೊರಬಿದ್ದಿದ್ದರು.

2019ರಲ್ಲಿ ನಮ್ಮ ರಾಜ್ಯದಲ್ಲಿ ಒಟ್ಟಿಗೆ ಮೂವರು ಡಿಸಿಎಂಗಳಿದ್ದರು. ಅದೇ ವರ್ಷ ಆಂಧ್ರದಲ್ಲಿ ಐವರು. ಜಾತಿ, ಪ್ರದೇಶದ ಲೆಕ್ಕ ಎಲ್ಲರಿಗೂ ಗೊತ್ತಿರುವುದೇ. ತಮ್ಮ ಸಮುದಾಯದವರನ್ನು ಮುಂದಿನ ಸಾಲಿನಲ್ಲಿ ನೋಡಬೇಕು ಎಂಬ ಆಸೆಯಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಆದರೆ ಎರಡನೇ ಸ್ಥಾನದಲ್ಲಿ ಐದು ಜನ ನಿಂತರೆ ಎರಡನೆಯವರು ಯಾರು?

ಈ ಪ್ರಶ್ನೆ ನಿಜವಾಗಿ ಚುಚ್ಚುವುದು ಮೊದಲ ಕುರ್ಚಿ ಇದ್ದಕ್ಕಿದ್ದಂತೆ ಖಾಲಿಯಾದಾಗ. 1967ರ ಡಿಸೆಂಬರ್ 17ರಂದು ಆಸ್ಟ್ರೇಲಿಯಾದ ಪ್ರಧಾನಿ ಹೆರಾಲ್ಡ್ ಹೋಲ್ಟ್ ವಿಕ್ಟೋರಿಯಾದ ಚೆವಿಯಟ್ ಕಡಲತೀರದಲ್ಲಿ ಈಜಲು ಇಳಿದರು. ಅಲೆ ಜೋರಾಗಿತ್ತು. ಅವರು ಮರಳಲಿಲ್ಲ, ದೇಹವೂ ಸಿಗಲಿಲ್ಲ. ಆಗ ಎರಡನೆಯವರು ಎಂದು ಹೇಳಿಕೊಳ್ಳಬಹುದಾದವರು ಇಬ್ಬರಿದ್ದರು: ಹೋಲ್ಟ್ ಅವರ ಲಿಬರಲ್ ಪಕ್ಷದ ಉಪನಾಯಕ ವಿಲಿಯಂ ಮೆಕ್‌ಮಹೊನ್, ಮಿತ್ರಪಕ್ಷ ಕಂಟ್ರಿ ಪಾರ್ಟಿಯ ನಾಯಕ ಜಾನ್ ಮೆಕ್‌ಯೂವನ್. ಗವರ್ನರ್ ಜನರಲ್ ಡಿಸೆಂಬರ್ 19ರಂದು ಮೆಕ್‌ಯೂವನ್ ಅವರಿಗೆ ಪ್ರಮಾಣವಚನ ಬೋಧಿಸಿದರು. ಮೆಕ್‌ಮಹೊನ್ ಪ್ರಧಾನಿಯಾದರೆ ಅವರ ಕೆಳಗೆ ನಾನು ಕೆಲಸ ಮಾಡುವುದಿಲ್ಲ ಎಂದು ಮೆಕ್‌ಯೂವನ್ ಹೇಳಿಬಿಟ್ಟರು. ಮೂರು ವಾರ ಕಳೆದ ಮೇಲೆ ಲಿಬರಲ್ಲರು ಮೂರನೆಯವರನ್ನು, ಜಾನ್ ಗಾರ್ಟನ್ ಅವರನ್ನು, ಆರಿಸಿಕೊಂಡರು. 1968ರಲ್ಲಿ ಮೆಕ್‌ಯೂವನ್ ಆ ದೇಶದ ಮೊದಲ ಅಧಿಕೃತ ಉಪಪ್ರಧಾನಿಯಾದರು.

ಐರ್ಲೆಂಡ್ ಇದನ್ನು ಮೊದಲೇ ಯೋಚಿಸಿತ್ತು. ಪ್ರಧಾನಿ ತೀರಿಕೊಂಡರೆ ಅಥವಾ ಶಾಶ್ವತವಾಗಿ ಅಶಕ್ತರಾದರೆ, ಹೊಸಬರು ಬರುವ ತನಕ ಅವರ ಎಲ್ಲ ಕೆಲಸ ‘ಟಾನಿಶ್ಟ’, ಅಂದರೆ ಉಪಪ್ರಧಾನಿ, ನೋಡಿಕೊಳ್ಳಬೇಕು ಎಂದು ಅಲ್ಲಿನ ಸಂವಿಧಾನದ 28ನೇ ವಿಧಿ ಹೇಳುತ್ತದೆ. ಬ್ರಿಟನ್ ಉಲ್ಟಾ. 1951ರಲ್ಲಿ ಚರ್ಚಿಲ್ ಮಂತ್ರಿಗಳ ಪಟ್ಟಿಯಲ್ಲಿ ವಿದೇಶಾಂಗ ಮಂತ್ರಿ ಆಂಥನಿ ಈಡನ್ ಅವರನ್ನು ಉಪಪ್ರಧಾನಿ ಎಂದು ಬರೆದಾಗ ದೊರೆ ಆರನೇ ಜಾರ್ಜ್ ಒಪ್ಪಲಿಲ್ಲ. ಮುಂದಿನವರು ಇವರೇ ಎಂದು ಮೊದಲೇ ಬರೆದಿಟ್ಟರೆ, ಪ್ರಧಾನಿಯನ್ನು ಆರಿಸುವ ತಮ್ಮ ಅಧಿಕಾರಕ್ಕೆ ಕಡಿವಾಣ ಬೀಳುತ್ತದೆ ಎಂಬುದು ಆಕ್ಷೇಪದ ತಿರುಳು.

ನಾವು ಹಿಡಿದದ್ದು ಬ್ರಿಟನ್ನಿನ ದಾರಿಯನ್ನೇ. ಪ್ರಧಾನಿ ತೀರಿಕೊಂಡರೆ ಇಡೀ ಮಂತ್ರಿಮಂಡಲವೇ ಹೋಯಿತು ಎಂಬುದು ನಮ್ಮ ಸಂಪ್ರದಾಯ. ಜನ ಉಪಪ್ರಧಾನಿಯ ಕಡೆ ತಿರುಗಿ ನೋಡುವ ಆ ಗಳಿಗೆಯಲ್ಲೇ ಉಪಪ್ರಧಾನಿಯ ಹುದ್ದೆಯೂ ಬಿದ್ದುಹೋಗಿರುತ್ತದೆ! ಯಾರನ್ನು ಕರೆದರೂ ಹೊಸದಾಗಿ ಪ್ರಮಾಣವಚನ ಆಗಬೇಕು. 1984ರ ಅಕ್ಟೋಬರ್ 31ರಂದು ಇಂದಿರಾ ಹತ್ಯೆಯಾದಾಗ ಸಂಪುಟದಲ್ಲಿ ಹಿರಿಯರು ಇದ್ದರು. ಅದೇ ದಿನ ಪ್ರಧಾನಿಯಾದ ರಾಜೀವ್ ಗಾಂಧಿ ಮಂತ್ರಿಯೇ ಆಗಿರಲಿಲ್ಲ. ಅಂಥ ದಿನ ನಿರ್ಧಾರವನ್ನು ದುಃಖದಲ್ಲಿರುವ ನಾಲ್ಕಾರು ಜನರ ಕೈಗೆ ಬಿಡುವುದು ಸರಿಯಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಐರ್ಲೆಂಡಿನ ಆ ಒಂದು ಸಾಲು ನಮ್ಮ 75ನೇ ವಿಧಿಗೂ ಬರಲಿ.

ಆ ಸಾಲು ಇಲ್ಲದೆಯೂ ಎರಡು ಸಲ ದೇಶ ಸುಸೂತ್ರವಾಗಿ ದಾಟಿತು. 1964ರ ಮೇ 27ರಂದು ನೆಹರೂ ತೀರಿಕೊಂಡಾಗ ಗೃಹಮಂತ್ರಿ ಗುಲ್ಜಾರಿಲಾಲ್ ನಂದಾ 13 ದಿನ ಪ್ರಧಾನಿಯಾಗಿದ್ದರು. 1966ರ ಜನವರಿಯಲ್ಲಿ ತಾಷ್ಕೆಂಟಿನಿಂದ ಶಾಸ್ತ್ರಿಯವರ ಸಾವಿನ ಸುದ್ದಿ ಬಂದಾಗಲೂ ಅವರನ್ನೇ ಕರೆದರು, ಮತ್ತೆ 13 ದಿನ. ಎರಡು ಸಲವೂ ಹೊಸ ನಾಯಕನ ಆಯ್ಕೆಯಾದ ಮೇಲೆ ಕುರ್ಚಿ ಬಿಟ್ಟುಕೊಟ್ಟು ಸಂಪುಟದ ತಮ್ಮ ಜಾಗಕ್ಕೆ ಮರಳಿದರು. ನಂದಾ ಯಾವತ್ತೂ ಉಪಪ್ರಧಾನಿ ಆಗಿರಲಿಲ್ಲ.