ಮುಂಡಗೋಡದ ಬಸ್ಸಿನಲ್ಲಿ ಸಿಕ್ಕ ವಿದೇಶಿ ವಿದ್ಯಾರ್ಥಿ

ಶಿರಸಿಯಿಂದ ಮುಂಡಗೋಡದ ಮೇಲೆ ಹುಬ್ಬಳ್ಳಿಗೆ ಹೋಗುವ ಬಸ್ಸಿನಲ್ಲಿ ಕಡುಗೆಂಪು ಬಟ್ಟೆಯ ಬೌದ್ಧ ಸನ್ಯಾಸಿ ಹುಡುಗರು ಪಕ್ಕದಲ್ಲಿ ಕೂರುವುದು ನಮಗೆ ಹೊಸದಲ್ಲ. ಎಲ್ಲರನ್ನೂ ಒಂದೇ ಏಟಿಗೆ ‘ಟಿಬೆಟಿನವರು’ ಎಂದುಬಿಡುತ್ತೇವೆ. ಹೋದ ಸಲ ಒಬ್ಬನ ಊರು ಕೇಳಿದೆ. ಮಂಗೋಲಿಯಾ ಅಂದ. ಹಿಂದಿನ ಸೀಟಿನವನು ನೇಪಾಳದವನು.

ಟಿಬೆಟಿನ ಲ್ಹಾಸಾದ ಹತ್ತಿರ 1409ರಲ್ಲಿ ಗಾಡೆನ್, 1416ರಲ್ಲಿ ದ್ರೆಪುಂಗ್ ಮಠಗಳು ಹುಟ್ಟಿದವು. ನಿರಾಶ್ರಿತರ ಜೊತೆ ಬಂದ ಆ ಎರಡೂ ಮಠಗಳು ಈಗ ಮುಂಡಗೋಡದ ಟಿಬೆಟಿಯನ್ ಕ್ಯಾಂಪಿನಲ್ಲಿವೆ. ಅಲ್ಲಿ ಬೌದ್ಧ ತತ್ತ್ವಶಾಸ್ತ್ರದ ಉನ್ನತ ಪದವಿಯಾದ ಗೆಶೆ ಮುಗಿಸಲು ಹದಿನೈದು ವರ್ಷಕ್ಕೂ ಹೆಚ್ಚು ಬೇಕು. ಇಷ್ಟು ಓದಿದರೂ ನಮ್ಮ ಸರ್ಕಾರದ ಉನ್ನತ ಶಿಕ್ಷಣ ಸಮೀಕ್ಷೆಯಲ್ಲಿ ಇವರಿಗೆ ಲೆಕ್ಕವಿಲ್ಲ. ಅದು ಎಣಿಸುವುದು ವಿಶ್ವವಿದ್ಯಾಲಯ, ಕಾಲೇಜು, ಪಾಲಿಟೆಕ್ನಿಕ್‌ನಂಥ ಸಂಸ್ಥೆಗಳವರನ್ನು.

ಆ ಸಮೀಕ್ಷೆಯ ಪ್ರಕಾರ 2021-22ರಲ್ಲಿ ಭಾರತದಲ್ಲಿದ್ದ ವಿದೇಶಿ ವಿದ್ಯಾರ್ಥಿಗಳು 46,878. ನೂರಕ್ಕೆ 28 ಮಂದಿ ನೇಪಾಳದವರು. ವಲಸೆಯ ಸೂತ್ರಗಳನ್ನು 1885ರಲ್ಲಿ ಬರೆದ ಭೂಗೋಳತಜ್ಞ ರಾವೆನ್‌ಸ್ಟೈನ್, ಹೆಚ್ಚಿನ ವಲಸಿಗರು ದೂರ ಹೋಗುವುದಿಲ್ಲ ಎಂದಿದ್ದ. ಆದರೆ ದೂರವನ್ನು ಕಿಲೋಮೀಟರಿನಲ್ಲಷ್ಟೇ ಅಳೆದರೆ ಆಗುವುದಿಲ್ಲ. ನೇಪಾಳಿಗೆ ಇಲ್ಲಿ ಓದಲು ವೀಸಾ ಬೇಡ. ಅವನ ರೂಪಾಯಿಯೂ 1993ರಿಂದ ನಮ್ಮ 100ಕ್ಕೆ 160ರಂತೆ ಕಟ್ಟಿಹಾಕಿಕೊಂಡಿದೆ. ಹಾಗಾಗಿ ಮೂರು ವರ್ಷದ ಫೀಸನ್ನು ಅಪ್ಪ ಇಂದೇ ಲೆಕ್ಕ ಹಾಕಬಹುದು. ಡಾಲರ್‌ನಲ್ಲಿ ಫೀಸು ಕಟ್ಟುವ ನಮ್ಮ ಅಡಿಕೆ ಬೆಳೆಗಾರರಿಗೆ ಇದರ ಸುಖ ಗೊತ್ತಿಲ್ಲ.

ಅದೇ ಪಟ್ಟಿಯಲ್ಲಿ ನೇಪಾಳ, ಅಫ್ಘಾನಿಸ್ತಾನದ ನಂತರ ಅಮೆರಿಕ ಇದೆ! ನ್ಯೂಜೆರ್ಸಿಯ ಮಕ್ಕಳು ಕಲಿಯಲು ಮಣಿಪಾಲಕ್ಕೋ ಬೆಂಗಳೂರಿಗೋ ಬರುತ್ತಾರೆಯೇ? ಹಲವರು ಭಾರತೀಯ ಮೂಲದ ಮನೆಯ ಮಕ್ಕಳಿರಬೇಕು ಎಂಬುದು ನನ್ನ ಅಂದಾಜು. ಪಾಸ್‌ಪೋರ್ಟ್ ನೋಡಿ ಎಣಿಸಿದರೆ, ಅಮೆರಿಕದಲ್ಲಿ ಹುಟ್ಟಿ ಇಲ್ಲಿ ಅಜ್ಜಿಮನೆಯಲ್ಲೇ ಬೆಳೆದವನೂ ವಿದೇಶಿಯೇ. ಯುನೆಸ್ಕೋ ಹೀಗೆ ಕಲೆಸುವುದಿಲ್ಲ. ಓದಲೆಂದೇ ಗಡಿ ದಾಟಿದವರನ್ನು ಅದು ಬೇರೆಯಾಗಿ ಎಣಿಸುತ್ತದೆ.

ಅಮೆರಿಕದ ಲೆಕ್ಕದಲ್ಲಿ ಇನ್ನೊಂದು ತಮಾಷೆ. 2023-24ರಲ್ಲಿ ಅಲ್ಲಿದ್ದ 11,26,690 ವಿದೇಶಿ ವಿದ್ಯಾರ್ಥಿಗಳಲ್ಲಿ 3,31,602 ಮಂದಿ ಭಾರತೀಯರು; 2008-09ರ ನಂತರ ಮೊದಲ ಬಾರಿಗೆ ಚೀನಾವನ್ನು ಹಿಂದೆ ಹಾಕಿದೆವು. ಆದರೆ ಅವರಲ್ಲಿ 97 ಸಾವಿರಕ್ಕೂ ಹೆಚ್ಚು ಮಂದಿ ಓದು ಮುಗಿಸಿ, ಅದೇ ವಿದ್ಯಾರ್ಥಿ ವೀಸಾದ ಮೇಲೆ ಒಪಿಟಿ ಎಂಬ ಅನುಮತಿಯಲ್ಲಿ ಕೆಲಸ ಮಾಡುತ್ತಿದ್ದವರು. ನಮ್ಮ ಅಣ್ಣನ ಮಗನೂ ಹಾಗೆಯೇ. ಎಂಜಿನಿಯರಿಂಗ್, ಗಣಿತ, ವಿಜ್ಞಾನದವರಿಗೆ ಇದು ಮೂರು ವರ್ಷದವರೆಗೆ ಸಿಗುತ್ತದೆ. ಅವನು ಸಂಬಳ ಎಣಿಸುತ್ತಾನೆ, ಅಮೆರಿಕ ಅವನನ್ನು ವಿದ್ಯಾರ್ಥಿ ಎಂದು ಎಣಿಸುತ್ತದೆ. “ಹಂಗಾರೆ ಓದು ಮುಗಿದಿದ್ದೋ, ಇಲ್ಲವೋ?” ಎಂದು ಅತ್ತಿಗೆ ಇನ್ನೂ ಕೇಳುತ್ತಿರುತ್ತಾರೆ.

ಅವನು ಹೋದದ್ದು ಅವನ ಸೀನಿಯರ್ ಇದ್ದ ವಿಶ್ವವಿದ್ಯಾಲಯಕ್ಕೇ. ಈಗ ಅವನ ರೂಮಿಗೆ ಸಿದ್ದಾಪುರದ ಹುಡುಗನೊಬ್ಬ ಸೇರಿದ್ದಾನೆ. ಮಳೆಗಾಲದಲ್ಲಿ ಹಳ್ಳಕ್ಕೆ ಒಬ್ಬ ಕಾಲುಸಂಕ ಹಾಕಿದರೆ ಊರೆಲ್ಲ ಅದರ ಮೇಲೆಯೇ ದಾಟುತ್ತದಲ್ಲ, ಹಾಗೆ. ಸಾಲ ಎಲ್ಲಿ ಸಿಗುತ್ತದೆ, ಯಾವ ಕಡೆ ಮನೆ ಬಾಡಿಗೆ ಕಡಿಮೆ, ಕುಚ್ಚಲಕ್ಕಿ ಯಾವ ಅಂಗಡಿಯಲ್ಲಿ ಎಂಬುದೆಲ್ಲ ಮೊದಲು ಹೋದವನಿಂದಲೇ ತಿಳಿಯುವುದು. ಒಂದು ದೇಶದಿಂದ ಮಾತ್ರವಲ್ಲ, ಆ ದೇಶದ ಕೆಲವೇ ಜಿಲ್ಲೆಗಳಿಂದ ವಿದ್ಯಾರ್ಥಿಗಳು ಗುಂಪಾಗಿ ಬರುವುದಕ್ಕೆ ಇದೂ ಕಾರಣ.

ಟಿಬೆಟಿನ ಮಠಗಳು ಈ ನಂಟನ್ನು ಕಟ್ಟಡದಲ್ಲೇ ಇಳಿಸಿವೆ. ಅಲ್ಲಿ ‘ಖಾಮ್ತ್ಸೆನ್’ ಎಂಬ ವಸತಿಮನೆಗಳಿರುತ್ತವೆ. ಹೊಸಬ ಯಾವ ಸೀಮೆಯವನೋ ಆ ಸೀಮೆಯ ಮನೆಗೆ ಸೇರುತ್ತಾನೆ. ಅವನ ಭಾಷೆ ಬಲ್ಲ ಹಿರಿಯರು, ಅವನ ಊರಿನ ಗುರುಗಳು ಅಲ್ಲಿರುತ್ತಾರೆ. ದ್ರೆಪುಂಗಿನ ಗೋಮಾಂಗ್ ವಿಭಾಗಕ್ಕೂ ಮಂಗೋಲಿಯಾಕ್ಕೂ ಹಳೆಯ ನಂಟು. ಬಸ್ಸಿನ ಹುಡುಗನೂ ಗೋಮಾಂಗಿನವನೇ. ಅವನ ಚಿಕ್ಕಪ್ಪನೂ ಅಲ್ಲೇ ಓದಿದ್ದನಂತೆ.