ಉರಿ ಜೋರು ಮಾಡಿದರೆ ಮಂಡಕ್ಕಿ ಅರಳುತ್ತದೆಯೇ?

ದಾವಣಗೆರೆಯ ಮಂಡಕ್ಕಿ ಭಟ್ಟಿಗಳಿಗೆ ಒಲೆ ನೋಡಲು ಹೋದಾಗ ನಾನು ಹೆಚ್ಚಾಗಿ ಕೇಳುವ ದೂರು ಒಂದೇ: "ಸಾರ್, ಈ ಸಲ ಅಕ್ಕಿ ಅರಳ್ತಿಲ್ಲ, ಉರಿ ಸಾಲ್ತಿಲ್ಲ." ನಾನು ಒಲೆಗಿಂತ ಮೊದಲು ಅಕ್ಕಿ ಚೀಲಕ್ಕೆ ಕೈಹಾಕುತ್ತೇನೆ. ಕಾಳು ಮುರಿದಾಗ ನಡುವೆ ಬಿಳಿ ಚುಕ್ಕೆ ಕಂಡರೆ ಭತ್ತ ಸರಿಯಾಗಿ ಬೆಂದಿಲ್ಲವೆಂದೇ ಅರ್ಥ.

ಮಂಡಕ್ಕಿಗೆ ಶಾಖ ಎರಡು ಹಂತದಲ್ಲಿ ಬೇಕು. ಮೊದಲನೆಯದು ನೆನೆದ ಭತ್ತವನ್ನು ಬೇಯಿಸುವಾಗ. ಸುಮಾರು 70 ಡಿಗ್ರಿ ಸೆಲ್ಸಿಯಸ್ ದಾಟುತ್ತಲೇ ಪಿಷ್ಟದ ಕಣಗಳು ನೀರು ಹೀರಿ ಉಬ್ಬಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಕಾಳಿನೊಳಗಿನ ಬಿರುಕುಗಳೂ ಮುಚ್ಚುತ್ತವೆ. ಒಣಗಿಸಿ ಗಿರಣಿಗೆ ಹಾಕಿದರೆ ಗಾಜಿನಂಥ ಗಟ್ಟಿ ಅಕ್ಕಿ ಸಿಗುತ್ತದೆ.

ಎರಡನೆಯದು ಕಾದ ಉಸುಕಿನಲ್ಲಿ. ಉಪ್ಪುನೀರು ಹಾಕಿ ಹದ ಮಾಡಿದ ಅಕ್ಕಿಯಲ್ಲಿ ಶೇ 10-11ರಷ್ಟು ತೇವ ಉಳಿದಿರಬೇಕು. 250 ಡಿಗ್ರಿ ಆಸುಪಾಸಿನ ಉಸುಕಿಗೆ ಬಿದ್ದೊಡನೆ ಆ ತೇವ ಆವಿಯಾಗತೊಡಗುತ್ತದೆ. ಬಯಲಿಗೆ ಬಿಟ್ಟರೆ ನೀರಿಗಿಂತ 1,600 ಪಟ್ಟಿಗೂ ಹೆಚ್ಚು ಜಾಗ ಬೇಡುವ ಆವಿ ಅದು. ಬೆಂದ ಪಿಷ್ಟ ಅದನ್ನು ಕ್ಷಣಹೊತ್ತು ತಡೆದು, ಬಿಸಿಗೆ ಮೆತ್ತಗಾಗಿ ಹಿಗ್ಗಿ, ಆವಿ ಹೋದ ಮೇಲೆ ಹಿಗ್ಗಿದ ಆಕಾರದಲ್ಲೇ ಬಿಗಿಯಾಗುತ್ತದೆ. ತೇವ ಕಮ್ಮಿಯಿದ್ದರೆ ಹಿಗ್ಗಿಸಲು ಆವಿಯೇ ಇಲ್ಲ. ಬಿರುಕು ಬಿಟ್ಟ ಕಾಳಿನಿಂದ ಆವಿ ಸೋರಿಹೋಗುತ್ತದೆ. ಇಂಥ ಅಕ್ಕಿಗೆ ಎಷ್ಟು ಉರಿ ಕೊಟ್ಟರೂ ಕೆಂಪಾಗಿ ಸೀಯುತ್ತದೆಯೇ ಹೊರತು ಅರಳುವುದಿಲ್ಲ.

ಉಸುಕೇ ಏಕೆಂದರೆ, ಬರೀ ಬಾಣಲಿಯಲ್ಲಿ ತಳಕ್ಕೆ ತಾಗಿದ ಮೈಯಷ್ಟೇ ಕಾಯುತ್ತದೆ. ಉಸುಕು ಕಾಳನ್ನು ಸುತ್ತಲಿಂದಲೂ ಕಾಯಿಸುತ್ತದೆ, ಜರಡಿ ಹಿಡಿದರೆ ಇಳಿದುಹೋಗುತ್ತದೆ.

ಅಗ್ಗದ ಜೋರು ಉರಿಗೆಂದು ಹಳೆ ಟೈರ್ ಸುಡುವ ರೂಢಿ ಭಟ್ಟಿಗಳಿಗೆ ಅಂಟಿಕೊಂಡಿತ್ತು. ಆ ಕಪ್ಪು ಹೊಗೆ ಮೊದಲು ಸೇರುವುದು ಒಲೆ ಮುಂದೆ ನಿಂತು ಹುರಿಯುವವರ ಎದೆಗೆ, ಆಮೇಲೆ ಅಕ್ಕಪಕ್ಕದ ಮನೆಗಳಿಗೆ. ಇದನ್ನು ನಾನು ಯಾವ ಕಾರಣಕ್ಕೂ ಒಪ್ಪಲಾರೆ. ಉಸುಕು ಕಾಯಿಸಲು ಭತ್ತದ ಹೊಟ್ಟೇ ಸಾಕು, ಕಿಲೋಗೆ 3,000 ಕಿಲೋಕ್ಯಾಲೊರಿಯಷ್ಟು ಶಾಖ ಅದರಲ್ಲಿದೆ. ಆದರೆ ಐದರಲ್ಲೊಂದು ಪಾಲು ಬೂದಿಯಾಗುವುದರಿಂದ ಆಗಾಗ ಕೆದಕಿ ತೆಗೆಯಬೇಕು, ಇಲ್ಲವಾದರೆ ಗಾಳಿ ಆಡದೆ ಹೊಟ್ಟೂ ಹೊಗೆಯುತ್ತದೆ.

ಹಾಗಾಗಿ ಒಲೆ ದೊಡ್ಡದು ಮಾಡಿಸಬೇಕೆನ್ನುವವರಿಗೆ ನಾನು ಮೊದಲು ತೇವ ಅಳೆಯುವ ಮೀಟರ್ ಕೊಳ್ಳಲು ಹೇಳುತ್ತೇನೆ. ಉಪ್ಪುನೀರು ಹಾಕಿದ ಮೇಲೊಮ್ಮೆ, ಉಸುಕಿಗೆ ಸುರಿಯುವ ಮುಂಚೆ ಇನ್ನೊಮ್ಮೆ ಅಳೆಯಲಿ.